ಹೊಳೆ ಬಟ್ಟೆಯ ಕೌದಿ

ನಂಜನಗೂಡಿನಲ್ಲಿ ನಮ್ಮದೊಂದು ಕೌದಿ ಬಳಗ ಇತ್ತು. ಹಳೇ ಸೀರೆ, ಪಂಚೆ, ಲಂಗ ಎಲ್ಲ ಪದರ ಪದರವಾಗಿ ಜೋಡಿಸಿ, ದಬ್ಬಣದಲ್ಲಿ ಹೊಲಿದು, ಇಲ್ಲದವರಿಗೆ ಹಾಸೋಕೆ ಹೊದೆಯೋಕೆ ಕೊಡೋದು ನಮ್ಮ ಕೆಲಸ. ಬಳಗಕ್ಕೆ ಅಧ್ಯಕ್ಷೆ ನಾನು, ದಾಕ್ಷಾಯಿಣಮ್ಮ, ರಿಟೈರ್ಡ್ ಸೈನ್ಸ್ ಟೀಚರ್. ನನಗೆ ಹೊಲಿಯೋಕೆ ಬರಲ್ಲ. ನಾನೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಪಕ್ಕದ ಮನೆ ವಿಶಾಲಮ್ಮ ಹೇಳ್ತಾಳೆ. ಅವಳು ಹೇಳಿದರೆ ಇನ್ನೂ ಎರಡು ಸೇರಿಸಿ ಹೇಳ್ತಾಳೆ.

ಬರಲ್ಲ ಅಂದರೆ ಪ್ರಯತ್ನ ಪಡಲಿಲ್ಲ ಅಂತಲ್ಲ. ಮೊದಲನೇ ಕೌದಿಗೆ ನಾನೂ ದಬ್ಬಣ ಹಿಡಿದು ಕೂತೆ. ಮಧ್ಯಾಹ್ನ ಊಟಕ್ಕೆ ಅಂತ ಎದ್ದರೆ ಕೌದಿಯೂ ನನ್ನ ಜೊತೆ ಎದ್ದಿತು. ಉಟ್ಟಿದ್ದ ಸೀರೆಯನ್ನೂ ಸೇರಿಸಿಕೊಂಡು ಹೊಲಿದುಬಿಟ್ಟಿದ್ದೆ. ವಿಶಾಲಮ್ಮ ಕತ್ತರಿ ತಂದು ನನ್ನನ್ನ ಬಿಡಿಸಿದಳು. ಅವತ್ತಿಂದ ನಾನು ಉಸ್ತುವಾರಿ ಮಾತ್ರ ನೋಡಿಕೊಳ್ಳೋದು ಅಂತ ತೀರ್ಮಾನ ಆಯಿತು. ತೀರ್ಮಾನ ಮಂಡಿಸಿದವಳೂ ನಾನೇ, ಅನುಮೋದಿಸಿದವಳೂ ನಾನೇ.

ಉಸ್ತುವಾರಿ ಅಂದರೆ ಭಾಷಣ. ಹೆಂಗಸರು ನಮ್ಮ ಮನೆ ಹಜಾರದಲ್ಲಿ ಚಾಪೆ ಹಾಸಿಕೊಂಡು ಹೊಲೀತಾ ಇದ್ದರೆ ನಾನು ಕುರ್ಚಿ ಮೇಲೆ ಕೂತು ರಕ್ತಹೀನತೆ, ಅಯೋಡಿನ್ ಉಪ್ಪು, ಮೂಢನಂಬಿಕೆ, ಇವುಗಳ ಬಗ್ಗೆ ತಿಳಿವಳಿಕೆ ಕೊಡ್ತಿದ್ದೆ. ನಮ್ಮ ಯಜಮಾನರು ಗಂಗಾಧರಸ್ವಾಮಿಯವರು ಆ ಹೊತ್ತಿಗೆ ಪೇಪರ್ ಹಿಡಿದುಕೊಂಡು ಹಿತ್ತಲಿಗೆ ಹೋಗಿಬಿಡೋರು. "ಪಾಪ, ತೊಡೆ ಮೇಲೆ ಕೌದಿ ಹರಡಿಕೊಂಡಿದ್ದಾರೆ, ಎದ್ದು ಓಡೋಕೂ ಆಗಲ್ಲ ಅವರಿಗೆ" ಅಂತ ಒಂದು ಸಲ ಅಂದರು. ವಾರವೆಲ್ಲ ಅವರನ್ನ ಮಾತಾಡಿಸಲಿಲ್ಲ. ಅವರು ಅದನ್ನ ಶಿಕ್ಷೆ ಅಂತ ತಗೊಂಡ ಹಾಗೆ ಕಾಣಲಿಲ್ಲ.

ಎರಡು ಸಾವಿರದ ಐದನೇ ಇಸವಿ ಹೊತ್ತಿಗೆ ನಮಗೆ ಬಟ್ಟೆ ಸಿಗೋದು ಕಷ್ಟವಾಯಿತು. ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋ ಹೆಂಗಸರು ಬೀದಿ ಬೀದಿಯಲ್ಲಿ ಕೂಗಿಕೊಂಡು ಓಡಾಡ್ತಿದ್ದರು. ಹರಿದ ಸೀರೆಗೆ ಫಳಫಳ ಹೊಳೆಯೋ ಬೇಸಿನ್ನು ಬರುವಾಗ ಧರ್ಮಕ್ಕೆ ಯಾರು ಕೊಡ್ತಾರೆ? ನಾನೇ ಕೊಟ್ಟಿರಲಿಲ್ಲ. ನನ್ನ ಅಡುಗೆಮನೆಯ ಇಡ್ಲಿ ಪಾತ್ರೆ ನಮ್ಮ ಯಜಮಾನರ ಪ್ಯಾಂಟುಗಳಿಂದ ಬಂದದ್ದು.

ಆಗ ನನ್ನ ತಲೆಗೆ ಹೊಳೆದದ್ದು ಕಪಿಲಾ ಹೊಳೆ. ನಂಜನಗೂಡಿಗೆ ಹರಕೆ ಹೊತ್ತು ಬಂದವರು ಹೊಳೆಯಲ್ಲಿ ಮುಳುಗು ಹಾಕಿ, ಉಟ್ಟ ಬಟ್ಟೆ ಅಲ್ಲೇ ನೀರಿಗೆ ಬಿಟ್ಟು, ಬೇರೆ ಉಟ್ಟುಕೊಂಡು ಗುಡಿಗೆ ಹೋಗ್ತಾರೆ. ಕಾಯಿಲೆ, ಕಷ್ಟ, ಗ್ರಹಚಾರ, ಮಾಡಿದ ಪಾಪ, ಏನಿದ್ದರೂ ಬಟ್ಟೆ ಜೊತೆ ಹೋಯಿತು ಅಂತ ಅವರ ಲೆಕ್ಕ. ಹೋಗೋದೆಲ್ಲಿಗೆ? ಸ್ವಲ್ಪ ದೂರ ತೇಲಿ, ಸ್ನಾನಘಟ್ಟದ ಮೆಟ್ಟಿಲಿಗೇ ಬಂದು ಸುತ್ತಿಕೊಳ್ಳುತ್ತೆ. ಹುಣ್ಣಿಮೆ ಮಾರನೇ ದಿನ ಮಾದು ಅನ್ನೋ ಪುರಸಭೆ ಕೆಲಸಗಾರ ಅದನ್ನೆಲ್ಲ ಕೊಕ್ಕೆಯಲ್ಲಿ ಎಳೆದು ದಡದಲ್ಲಿ ಗುಡ್ಡೆ ಹಾಕ್ತಿದ್ದ. ಸೀರೆ ಅಂದರೆ ಎಂಥ ಸೀರೆ! ಕೆಲವು ನಾನು ಉಟ್ಟಿರೋದಕ್ಕಿಂತ ಚೆನ್ನಾಗಿರ್ತಿದ್ದವು.

"ಎಷ್ಟು ಬೇಕಾದ್ರೂ ತಕ್ಕಂಡೋಗಿ ಮೇಡಮ್ಮೋರೆ," ಅಂದ ಮಾದು. "ನಮಗೆ ಗಾಡಿಗೆ ತುಂಬೋದು ತಪ್ತದೆ."

ಹಜಾರದಲ್ಲಿ ಮೂಟೆ ಬಿಚ್ಚಿದ ತಕ್ಷಣ ಹೆಂಗಸರೆಲ್ಲ ಚಾಪೆ ಬಿಟ್ಟು ಗೋಡೆಗೆ ಅಂಟಿಕೊಂಡರು. ವಿಶಾಲಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು, "ಟೀಚರೇ, ಇದು ಬರೀ ಬಟ್ಟೆ ಅಲ್ಲ ಕಣ್ರೀ. ಯಾರ್ಯಾರ ಮನೇದು ಏನೇನು ಅಂಟ್ಕೊಂಡಿದೆಯೋ. ಮುಟ್ಟಬಾರದು" ಅಂದಳು.

ನನಗೆ ಬೇಕಾಗಿದ್ದೂ ಅದೇ. ಕುರ್ಚಿಯಿಂದ ಎದ್ದು ನಿಂತೆ. "ವಿಶಾಲು, ಪಾಪ ಅನ್ನೋದು ತಣ್ಣೀರಲ್ಲಿ ಕರಗುತ್ತೆ ಅಂತ ತಾನೇ ಅವರು ಮುಳುಗಿರೋದು? ತಣ್ಣೀರಲ್ಲಿ ಕರಗೋದು ಬಿಸಿನೀರಲ್ಲಿ ಇನ್ನೂ ಬೇಗ ಕರಗುತ್ತೆ. ಐದನೇ ಕ್ಲಾಸಿನ ಪಾಠ. ವಾಷಿಂಗ್ ಸೋಡಾ ಹಾಕಿ ಕುದಿಸೋಣ, ಏನು ಉಳಿಯುತ್ತೋ ನೋಡ್ತೀನಿ."

ಅವರ ಮಕ್ಕಳಲ್ಲಿ ಅರ್ಧಕ್ಕರ್ಧ ನನ್ನ ಹತ್ತಿರ ಕಿವಿ ಹಿಂಡಿಸಿಕೊಂಡವರು. ಎದುರು ಮಾತಾಡೋ ಅಭ್ಯಾಸ ಯಾರಿಗೂ ಇರಲಿಲ್ಲ. ಹಿತ್ತಲಲ್ಲಿ ಹಂಡೆ ಹತ್ತಿಸಿ ಬಟ್ಟೆಯೆಲ್ಲ ಕುದಿಸಿದೆವು. ನೀರು ಮಸಿಯ ಹಾಗೆ ಕಪ್ಪಾಯಿತು. "ನೋಡಿ, ಪಾಪ ಬಿಡ್ತಿದೆ" ಅಂತ ನಾನು ತಮಾಷೆ ಮಾಡಿದೆ, ಒಬ್ಬರೂ ನಗಲಿಲ್ಲ. ಕೊಡೋವಾಗ ಎಲ್ಲಿಯ ಬಟ್ಟೆ ಅಂತ ಯಾರಿಗೂ ಹೇಳೋದು ಬೇಡ ಅಂತಲೂ ನಾನೇ ಅಪ್ಪಣೆ ಮಾಡಿದೆ. ವಿಜ್ಞಾನದ ಮೇಲೆ ಅಷ್ಟು ಭರವಸೆ ಇದ್ದೋಳು ಯಾಕೆ ಮುಚ್ಚಿಡಬೇಕು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇಷ್ಟು ಕೌದಿಯ ಮಾತು. ನಮ್ಮ ಮನೆ ಮಾತು ಬೇರೆಯೇ ಇತ್ತು.

ನನ್ನ ಒಬ್ಬಳೇ ಮಗಳು ಶ್ವೇತ. ಟಿ. ನರಸೀಪುರಕ್ಕೆ ಕೊಟ್ಟಿದ್ದೀವಿ. ಅಳಿಯ ರುದ್ರೇಶ್ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಒಳ್ಳೇ ಹುಡುಗ. ಶ್ವೇತಳಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಐದು ತಿಂಗಳು ತುಂಬೋದರೊಳಗೆ ಹೋಗಿತ್ತು. ಎರಡನೇದು ಹೋದಾಗ ಅವಳು ಅಳಲೂ ಇಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಅವಳ ಬೆನ್ನು ಸವರುತ್ತಾ ಕಬ್ಬಿಣಾಂಶದ ಬಗ್ಗೆ ಮಾತಾಡಿದೆ. ನನಗೆ ಬೇರೆ ಏನು ಮಾತಾಡಬೇಕು ಅಂತ ಗೊತ್ತಿರಲಿಲ್ಲ.

ಈಗ ಮೂರನೇ ಸಲ. ಮೈಸೂರಿನ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಒಂದು ಹೊಲಿಗೆ ಹಾಕಿ, "ಮಲಗಿದ ಕಡೆಯಿಂದ ಏಳಬಾರದು, ಬಸ್ಸು ಹತ್ತೋ ಮಾತೇ ಇಲ್ಲ" ಅಂತ ಹೇಳಿ ಕಳಿಸಿದ್ದರು. ಅದಕ್ಕೇ ತವರಿಗೆ ಕರೆತರೋ ಹಾಗಿರಲಿಲ್ಲ. ಅವಳು ಅತ್ತೆ ಮನೆಯಲ್ಲಿ ಮಲಗಿದ್ದಳು, ನಾನು ನಂಜನಗೂಡು ನರಸೀಪುರ ಅಂತ ಬಸ್ಸಿನಲ್ಲಿ ಓಡಾಡ್ತಿದ್ದೆ. ಈ ಸಲವೂ ಹೋದರೆ ಮತ್ತೆ ಅವಳು ಮನಸ್ಸು ಮಾಡಲ್ಲ ಅಂತ ನನಗೂ ಗೊತ್ತಿತ್ತು, ರುದ್ರೇಶನಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ.

ಬೀಗಿತ್ತಿ ಜವರಮ್ಮನವರು ಶ್ವೇತಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ತಿದ್ದರು. ಅಷ್ಟಾದರೂ ನಾನು ಹೋದಾಗಲೆಲ್ಲ ಅವರಿಗೆ ಪಾಠ ಮಾಡದೆ ಬರ್ತಿರಲಿಲ್ಲ. ಮೊಳಕೆ ಕಾಳು ಕೊಡಿ, ನುಗ್ಗೆ ಸೊಪ್ಪು ಕೊಡಿ, ದೃಷ್ಟಿ ತೆಗೆಯೋದು, ಹೊಸ್ತಿಲಿಗೆ ನಿಂಬೆಹಣ್ಣು ಇಡೋದು ಎಲ್ಲ ಬಿಟ್ಟುಬಿಡಿ. ಅವರು "ಊ ಟೀಚರಮ್ಮ, ಊ" ಅಂತ ತಲೆ ಆಡಿಸೋರು. ನಾನು ಹೊರಟ ಮೇಲೆ ನಿಂಬೆಹಣ್ಣು ವಾಪಸ್ಸು ಹೊಸ್ತಿಲಿಗೆ ಬರ್ತಿತ್ತು ಅಂತ ಶ್ವೇತ ಆಮೇಲೆ ಹೇಳಿದಳು.

ಮಾರನೇ ವರ್ಷ ಫೆಬ್ರವರಿಯಲ್ಲಿ ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ಆಪರೇಷನ್ ಆದ ಮುದುಕ ಮುದುಕಿಯರನ್ನ ಉದ್ದಕ್ಕೆ ಚಾಪೆ ಹಾಸಿ ಮಲಗಿಸಿದ್ದರು, ಒಬ್ಬೊಬ್ಬರ ಒಂದೊಂದು ಕಣ್ಣಿಗೂ ಹತ್ತಿ ಪಟ್ಟಿ. ಅವರಿಗೆಲ್ಲ ನಮ್ಮ ಬಳಗದಿಂದ ಕೌದಿ. ಅಳಿಯನ ಊರು ಬೇರೆ, ಬಿಡ್ತೀನಾ? ಮೈಕು ಕೇಳಿದೆ. ಜವರಮ್ಮನವರು ಹಿಂದಿನ ಸಾಲಲ್ಲಿ ಸೆರಗು ಹೊದ್ದು ಕೂತಿದ್ದರು. ಅವರು ನೋಡ್ತಿದ್ದಾರೆ ಅಂತ ನಾನು ಇನ್ನಷ್ಟು ಏರುದನಿಯಲ್ಲಿ ಮಾತಾಡಿದೆ.

ಮಾತಿನ ಮಧ್ಯೆ ಒಂದು ಕೌದಿ ಎತ್ತಿ ಎಲ್ಲರಿಗೂ ತೋರಿಸಿದೆ. ಹೊಳೆಯಿಂದ ಬಂದ ಬಟ್ಟೆಯಲ್ಲಿ ಹೊಲಿದದ್ದೇ. ನಡುವೆ ಗಾಢ ಹಸಿರು ಸೀರೆಯ ತುಂಡು, ಆ ಹಸಿರಿನ ಮೇಲೆ ಒಂದು ಕೆಂಪು ತೇಪೆ. "ಹಸಿರಿನ ನಡುವೆ ಕೆಂಪು ಹೂವು ಅರಳಿದ ಹಾಗಿದೆ ಈ ವಿನ್ಯಾಸ. ಇದು ನಮ್ಮ ಹೆಣ್ಣುಮಕ್ಕಳ ಕಲ್ಪನೆ" ಅಂದೆ. ಪಕ್ಕದಲ್ಲಿದ್ದ ವಿಶಾಲಮ್ಮ ನನ್ನ ಸೀರೆ ಎಳೆದಳು. ಕಲ್ಪನೆ ಎಂಥದೂ ಇರಲಿಲ್ಲ, ತೇಪೆ ಬಿಚ್ಚೋಕೆ ಸೋಮಾರಿತನ ಪಟ್ಟು ಹಾಗೇ ಸೇರಿಸಿ ಹೊಲಿದಿದ್ದರು ಅಷ್ಟೆ.

ಕೌದಿ ಹಂಚೋಕೆ ಶುರು ಮಾಡಿದೆವು. ಹಸಿರು ಕೌದಿಯನ್ನ ಒಬ್ಬ ಮುದುಕಿಗೆ ಹೊದಿಸೋಕೆ ಬಗ್ಗಿದ್ದೆ, ಯಾರೋ ಬಂದು ನನ್ನ ಕೈ ಹಿಡಿದರು. ಜವರಮ್ಮನವರು. ಮುಖವೆಲ್ಲ ಬಿಳಿಚಿಕೊಂಡಿತ್ತು.

"ಟೀಚರಮ್ಮ, ಇದು ನನಗೆ ಕೊಟ್ಬುಡಿ."

"ಇದ್ಯಾಕೆ ಬೀಗರೆ? ನಿಮಗೆ ಬೇರೆ ಚೆನ್ನಾಗಿರೋದು ಹೊಲಿಸಿಕೊಡ್ತೀನಿ."

"ಬ್ಯಾಡ. ಇದೇ ಬೇಕು. ಆ ಯಮ್ಮಂಗೆ ಬೇರೇದು ಒದಿಸಿ."

ಯಾವತ್ತೂ ಒಂದು ಲೋಟ ಕಾಫಿ ಬೇಕು ಅಂತ ಬಾಯಿಬಿಟ್ಟು ಕೇಳಿದವರಲ್ಲ. ಅಂಥವರು ಹತ್ತು ಜನರ ಎದುರಿಗೆ ಕೇಳ್ತಿದ್ದಾರೆ ಅಂದರೆ? ನನಗೆ ಆಗಲೇ ಅರ್ಥವಾಗಿಹೋಯಿತು. ಹುಟ್ಟೋ ಮಗುವಿಗೆ ನನ್ನ ಬಳಗದ ಕೌದಿಯೇ ಹಾಸಬೇಕು ಅಂತ ಅವರಿಗೆ ಆಸೆ. ಇಷ್ಟು ದಿನ ಊ ಊ ಅಂತ ಕೇಳಿದ್ದು ಕೊನೆಗೂ ತಲೆಗೆ ಹತ್ತಿದೆ. ಸಾಲದ್ದಕ್ಕೆ ಇವತ್ತಿನ ಭಾಷಣ ಬೇರೆ. ನಾನು ಕೌದಿಯನ್ನ ಮಡಚಿ, ಫೋಟೋದವನು ಈ ಕಡೆ ತಿರುಗೋ ತನಕ ಕಾದು, ಎರಡೂ ಕೈಯಲ್ಲಿ ಕೊಟ್ಟೆ. ವಾಪಸ್ಸು ಬರೋವಾಗ ಸುತ್ತೂರು ದಾಟೋವರೆಗೂ ವಿಶಾಲಮ್ಮನಿಗೆ ಇದೇ ಕಥೆ ಹೇಳಿದೆ. ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡೋ ಹಾಗೆ ನಟಿಸಿದಳು.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ, ಹೇಳದೆ ಕೇಳದೆ ನರಸೀಪುರಕ್ಕೆ ಹೋದೆ. ಶ್ವೇತ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಆರು ತಿಂಗಳು ತುಂಬಿತ್ತು, ಹೊಟ್ಟೆ ಚೆನ್ನಾಗಿ ಕಾಣ್ತಿತ್ತು. ಅದನ್ನ ನೋಡಿ ಖುಷಿ ಪಡಬೇಕಾದೋಳು ನಾನು ಮೊದಲು ನೋಡಿದ್ದು ಹಾಸಿಗೆಯನ್ನ. ಅಂಗಡಿ ಬೆಡ್‌ಶೀಟು. ತಲೆದಿಂಬಿನ ಕೆಳಗೆ ನೋಡಿದೆ, ಬೀರು ಮೇಲೆ ನೋಡಿದೆ, ಕೌದಿ ಇಲ್ಲ. ಅಲ್ಲಾ, ಅಷ್ಟು ಜನರ ಮುಂದೆ ಕೇಳಿ ಇಸ್ಕೊಂಡು ಯಾರಿಗೆ ಕೊಟ್ಟರು ಇವರು? ಸಿಟ್ಟು ನೆತ್ತಿಗೇರಿತು.

ಜವರಮ್ಮನವರನ್ನ ಹುಡುಕಿಕೊಂಡು ಒಳಗೆ ಹೋದೆ. ಭತ್ತದ ಮೂಟೆ ಇಡೋ ಕೋಣೆಯಲ್ಲಿ, ಮೂಟೆಗಳ ಸಂದಿಯಲ್ಲಿ, ನನ್ನ ಕೌದಿಯನ್ನ ನೆಲಕ್ಕೆ ಹಾಸಿಕೊಂಡು ಮಲಗಿದ್ದರು.

"ಚೆನ್ನಾಗಿದೆ ಬೀಗರೆ," ಅಂದೆ. "ಮೊಮ್ಮಗುವಿಗೆ ಅಂತ ಕೊಟ್ಟಿದ್ದನ್ನ ಮೂಟೆ ಸಂದಿಯಲ್ಲಿ ಹಾಸಿಕೊಂಡು ಮಲಗಿದ್ದೀರಿ. ನಮ್ಮ ಬಳಗದ ಕೌದಿ ಅಂದರೆ ಇಷ್ಟು ಸಸಾರ ಆಯಿತಾ?"

ಅವರು ಗಾಬರಿಯಾಗಿ ಎದ್ದು ಕೂತರು. "ಮೊಮ್ಮಗೂಗೆ ಅಂತ ನಾನು ಏಳ್ಲಿಲ್ವಲ್ಲ ಟೀಚರಮ್ಮ."

ಹೌದು, ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದು. ಅದು ಹೊಳೆದ ಮೇಲೆ ಸಿಟ್ಟು ಕಮ್ಮಿಯಾಗೋ ಬದಲು ಜಾಸ್ತಿಯಾಯಿತು. "ಮತ್ತೆ ಯಾಕೆ ಬೇಕಿತ್ತು ನಿಮಗೆ?"

"ಮೆಲ್ಲಗೆ ಮಾತಾಡಿ. ಉಡುಗಿ ಎದ್ದಾಳು." ಅವರು ಕೌದಿಯ ಹಸಿರು ತುಂಡಿನ ಮೇಲೆ ಕೈ ಇಟ್ಟರು. "ಇದು ನನ್ನ ಸೀರೆ."

"ನಿಮ್ಮದೇ. ನಾನೇ ತಾನೇ ಕೊಟ್ಟಿದ್ದು."

"ಕೌದಿ ಅಲ್ಲ. ಈ ಅಸುರು ಸೀರೆ. ಒಲೆ ಕಿಡಿ ಬಿದ್ದು ತೂತಾಗಿತ್ತು, ನನ್ನ ಕುಬುಸದ ಚೂರು ಕೊಟ್ಟು ತೇಪೆ ಆಕಿದ್ದೆ. ಈ ಕೆಂಪು ನನ್ನ ಕೈಯಿಂದು."

ನನ್ನ ಕೆಂಪು ಹೂವು! ಮೈಕಿನಲ್ಲಿ ಹೇಳಿದ್ದೆಲ್ಲ ಜ್ಞಾಪಕಕ್ಕೆ ಬಂದು ಕಿವಿ ಬಿಸಿಯಾಯಿತು. ಅವರು ಹೇಳ್ತಾ ಹೋದರು. ಎರಡನೇ ಬಸಿರೂ ನಿಲ್ಲದೆ ಹೋದಾಗ ಅವರು ನಂಜುಂಡನಿಗೆ ಹರಕೆ ಕಟ್ಟಿಕೊಂಡರಂತೆ. ಹುಣ್ಣಿಮೆ ದಿನ ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಬಂದು, ಹೊಳೆಯಲ್ಲಿ ಮುಳುಗಿ, ಸೊಸೆಯ ಹೊಟ್ಟೆ ಮೇಲೆ ಏನು ಕಷ್ಟ ಕೂತಿದೆಯೋ ಅದೆಲ್ಲ ಈ ಸೀರೆ ಜೊತೆ ಹೊರಟುಹೋಗಲಿ ಅಂತ ಬೇಡಿಕೊಂಡು ಬಿಟ್ಟು ಬಂದರಂತೆ.

"ನಂಜನಗೂಡಿಗೆ ಬಂದಿದ್ರಾ?" ಅಂದೆ. "ಬಂದು ನಮ್ಮ ಮನೆಗೆ ಬರಲಿಲ್ವಾ?"

"ಬಂದಿದ್ರೆ ಯಾಕೆ ಬಂದ್ರಿ ಅಂತ ಕೇಳ್ತಿದ್ರಿ. ಏಳಿದ್ರೆ ನಗ್ತಿದ್ರಿ."

ನಿಜ. ನಗ್ತಿದ್ದೆ. ನಕ್ಕು, ಕಾಫಿ ಕೊಟ್ಟು, ಒಂದು ಗಂಟೆ ಭಾಷಣ ಮಾಡಿ ಬಸ್ಸು ಹತ್ತಿಸ್ತಿದ್ದೆ.

"ಸೀರೆ ಬಿಟ್ಟ ಮೇಲೇನೇ ಇದು ನಿಂತದ್ದು. ನಾನು ನೆಮ್ಮದಿಯಾಗಿದ್ದೆ," ಅಂದರು. "ಆವತ್ತು ಸಿಬಿರದಲ್ಲಿ ನೀವು ಎತ್ತಿ ತೋರಿಸ್ದಾಗ ನನ್ನ ಎದೆ ನಿಂತಂಗಾಯ್ತು. ಬಿಟ್ಟದ್ದು ಮನೆ ಉಡಿಕ್ಕೊಂಡು ಬಂದದೆ, ಅದೂ ಉಡುಗಿ ತಾಯಿ ಕೈಯಲ್ಲೇ."

ನನ್ನ ಕೈ. ಅಂದರೆ ಹೊಳೆಯೂ ತಗೊಂಡು ಹೋಗೋಕೆ ಒಪ್ಪಿದ್ದನ್ನ ನಾನು ಕೊಕ್ಕೆ ಹಾಕಿಸಿ ಎಳೆಸಿ, ಸೋಡಾ ಹಾಕಿ ಕುದಿಸಿ, ಬಸ್ಸಲ್ಲಿ ಹೊತ್ತುಕೊಂಡು ಬಂದು ಅವರ ಊರಿಗೇ ಮುಟ್ಟಿಸಿದ್ದೆ. ಪೋಸ್ಟಾಫೀಸಿನವರೂ ಇಷ್ಟು ಕರಾರುವಾಕ್ಕಾಗಿ ತಲುಪಿಸಲ್ಲ.

"ಸರಿ, ಅಷ್ಟು ಹೆದರಿಕೆ ಇದ್ದ ಮೇಲೆ ಮನೆಗೆ ಯಾಕೆ ತಂದ್ರಿ? ಅಲ್ಲೇ ಬಿಟ್ಟುಬಿಡಬಹುದಿತ್ತಲ್ಲ."

"ಆ ಮುದುಕಿ ಮೇಲೆ ಒದಿಸೋಕೆ ಬಗ್ಗಿದ್ರಲ್ಲ ನೀವು. ಅವಳ ಮನೇಲೂ ಸೊಸೆ ಇರ್ತಾಳೆ, ಮಗಳಿರ್ತಾಳೆ. ನಮ್ಮನೇದು ಓಗಿ ಅವರ ಮನೆ ಸೇರ್ಕಂಡ್ರೆ?"

"ಮತ್ತೆ ಹೊಳೆಗೆ ಬಿಡಬಹುದಿತ್ತು."

"ಬಿಟ್ರೆ ಮತ್ತೆ ಯಾರಾರ ಎತ್ಕಂಡು ಒಲೀತಾರೆ." ಅವರು ನನ್ನನ್ನ ಆಡಿಕೊಳ್ಳೋಕೆ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು, ಅದೇ ನನಗೆ ಚುಚ್ಚಿತು.

ಆಮೇಲೆ ನನ್ನ ಬಾಯಿಂದ ಒಂದು ಮಾತು ಬಂತು. ಮೂವತ್ತು ವರ್ಷ ಪಾಠ ಹೇಳಿದ ಬಾಯಿಂದ, ಹಂಡೆಯ ಪಕ್ಕ ನಿಂತು ತಮಾಷೆ ಮಾಡಿದ ಬಾಯಿಂದ. "ಇದರ ಮೇಲೆ ಮಲಗಿ ನಿಮಗೇ ಏನಾದರೂ ಆದರೆ ಏನು ಮಾಡ್ತೀರಿ?"

"ಆಗ್ಲಿ ಅಂತ್ಲೇ ಮಲಗೋದು," ಅಂದರು ಜವರಮ್ಮ. "ನನಗಾದ್ರೆ ಅವಳಿಗಾಗೋದು ತಪ್ತದೆ."

ಆಮೇಲೆ ನನ್ನ ಕೈ ಹಿಡಿದುಕೊಂಡರು. "ಟೀಚರಮ್ಮ, ನೀವು ಓದಿದೋರು. ಅಂಥದ್ದೆಲ್ಲ ಏನೂ ಇಲ್ಲ ಅಂತ ಯಾವಾಗಲೂ ಏಳ್ತೀರಿ. ಈಗ ಅಲ್ಲಿಗೋಗಿ ಶ್ವೇತನ ಒಟ್ಟೆ ಮೇಲೆ ಕೈ ಇಟ್ಟು ಅದೇ ಮಾತು ಏಳಿ ಬನ್ನಿ. ಏಳಿಬುಟ್ರೆ ನಾನು ಇದನ್ನ ಈಗಲೇ ಅಟ್ಟಕ್ಕೆ ಎಸೆದು ನೆಮ್ಮದಿಯಾಗಿ ಇದ್ಬುಡ್ತೀನಿ. ನನಗೂ ಸಾಕಾಗದೆ."

ಸವಾಲಲ್ಲ ಅದು, ಬೇಡಿಕೊಳ್ತಿದ್ದರು. ಎರಡೇ ಮಾತು, ಹೇಳಿಬಿಟ್ಟರೆ ಆ ಯಮ್ಮನಿಗೆ ನಿದ್ದೆ ಬರುತ್ತೆ. ನಾನು ಎದ್ದು ಶ್ವೇತಳ ಕೋಣೆಗೆ ಹೋದೆ. ಅವಳು ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗ ಮಲಗ್ತಿದ್ದ ಹಾಗೇ ಮಲಗಿದ್ದಳು. ಹೊಟ್ಟೆ ಮೆಲ್ಲಗೆ ಏರಿ ಇಳೀತಿತ್ತು. ನಾನು ಕೈ ಎತ್ತಿದೆ. ಕೈ ಕೆಳಗೆ ಇಳಿಯಲಿಲ್ಲ. ಒಂದು ವೇಳೆ ಅಂತ ಅನಿಸಿತು. ಇಲ್ಲ ಅಂತ ನನಗೆ ಗೊತ್ತು, ನೂರಕ್ಕೆ ನೂರು ಗೊತ್ತು, ಆದರೂ ಒಂದು ವೇಳೆ. ಬೇರೆಯವರ ಮೇಲೆ ಹೊದಿಸೋವಾಗ ಈ ಒಂದು ವೇಳೆ ನನಗೆ ಒಂದು ದಿನವೂ ಬಂದಿರಲಿಲ್ಲ. ಎತ್ತಿದ ಕೈಯಲ್ಲಿ ಅವಳ ಮುಖದ ಮೇಲಿದ್ದ ನೊಣ ಓಡಿಸಿ ವಾಪಸ್ಸು ಬಂದೆ.

ಜವರಮ್ಮ ನನ್ನ ಮುಖ ನೋಡಿದರು. ತಲೆ ತಗ್ಗಿಸಿ ಕೌದಿಯನ್ನ ಮತ್ತೆ ಸರಿಯಾಗಿ ಹಾಸೋಕೆ ಶುರುಮಾಡಿದರು. ಅದನ್ನ ನೋಡ್ತಾ ನನಗೆ ಯಾಕೋ ತಡೆಯೋಕಾಗಲಿಲ್ಲ.

"ಕತ್ತರಿ ಎಲ್ಲಿಟ್ಟಿದ್ದೀರಿ?" ಅಂದೆ.

"ಯಾಕೆ?"

"ಕೊಡಿ ಮೊದಲು."

ರುದ್ರೇಶನ ಅಂಗಡಿಯ ರಬ್ಬರು ಕತ್ತರಿಸೋ ದಪ್ಪ ಕತ್ತರಿ ಸಿಕ್ಕಿತು. ನಾನು ನೆಲದ ಮೇಲೆ ಕೂತು ಕೌದಿಯನ್ನ ನಡುವೆ ಕತ್ತರಿಸೋಕೆ ಹಿಡಿದೆ. ಅವರು ಅಯ್ಯಯ್ಯೋ ಅಂತ ನನ್ನ ರಟ್ಟೆ ಹಿಡಿದುಕೊಂಡರು.

"ಬಿಡಿ ಬೀಗರೆ," ಅಂದೆ. ನನಗೂ ಅಳು ಬಂದಿತ್ತು, ಅಳು ಬಂದಾಗ ನನಗೆ ಬೈಗುಳದ ದನಿಯೇ ಬರೋದು. "ನಿಮಗೆ ಅವಳು ಸೊಸೆ. ನಾನು ಹೆತ್ತೋಳು. ನೀವೊಬ್ಬರೇ ಹೊರೋಕೆ ನಾನೇನು ಸತ್ತಿದ್ದೀನಾ? ಅಂಥದ್ದೇನೂ ಇಲ್ಲ. ಇದ್ದರೆ, ನನಗೂ ಅರ್ಧ ಇರಲಿ."

ಅವರು ಕೈ ಬಿಟ್ಟರು. ಆಮೇಲೆ ಎದುರಿಗೆ ಕೂತು, ಕತ್ತರಿಗೆ ಸುಲಭವಾಗೋ ಹಾಗೆ ಕೌದಿಯನ್ನ ಬಿಗಿಯಾಗಿ ಎಳೆದು ಹಿಡಿದುಕೊಂಡರು. ವಿಶಾಲಮ್ಮನ ಹೊಲಿಗೆ ಸುಮ್ಮನೆ ಬಿಡುತ್ತಾ? ಬೆವರು ಕಿತ್ತುಕೊಂಡು ಬಂತು. ಕೆಂಪು ತೇಪೆ ಎರಡು ಭಾಗವಾಗಿ ಒಂದೊಂದು ಕಡೆ ಹೋಯಿತು. ಶ್ವೇತ ಎದ್ದು "ಏನಮ್ಮ ಸದ್ದು ಅಲ್ಲಿ?" ಅಂತ ಕೂಗಿದಳು. "ಏನಿಲ್ಲ, ನಿಮ್ಮತ್ತೇನೂ ನಾನೂ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೀವಿ" ಅಂದೆ. ನನಗೆ ಸುಳ್ಳು ಹೇಳೋಕೂ ಬರಲ್ಲ.

ಅರ್ಧ ಕೌದಿಯನ್ನ ಬ್ಯಾಗಿಗೆ ತುರುಕಿಕೊಂಡು ಬಸ್ಸಲ್ಲಿ ಬರೋವಾಗ ಮಿಕ್ಕ ಕೌದಿಗಳೆಲ್ಲ ಕಣ್ಣ ಮುಂದೆ ಬಂದವು. ಯಾರು ಏನು ಬೇಡಿಕೊಂಡು ಬಿಟ್ಟಿದ್ದರೋ, ಯಾವ ಗಂಡನ ಕುಡಿತ, ಯಾವ ಮಗುವಿನ ಮೂರ್ಛೆರೋಗ. ಎಲ್ಲ ಬಣ್ಣ ನೋಡಿ ಹೊಂದಿಸಿ ಹೊಲಿಸಿದ್ದೆ. ವೈಜ್ಞಾನಿಕವಾಗಿ ಅದರಲ್ಲಿ ಏನೂ ಇಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ, ಕಂಡಕ್ಟರ್ ಏನಮ್ಮ ಅಂತ ಕೇಳಿದ.

ಬಳಗದಲ್ಲಿ ಹೊಳೆ ಬಟ್ಟೆ ನಿಂತಿತು. ಯಾಕೆ ಅಂತ ಕೇಳಿದವರಿಗೆ ಬಣ್ಣ ನಿಲ್ಲಲ್ಲ ಅಂದೆ. ಪಾತ್ರೆಯ ಹೆಂಗಸನ್ನ ಮನೆಗೆ ಕರೆಸಿ, ನನ್ನ ಇಡ್ಲಿ ಪಾತ್ರೆಯನ್ನ ಅವಳಿಗೇ ಕೊಟ್ಟು ಹಳೇ ಸೀರೆ ತಗೊಂಡೆ. ಅವಳ ಜೀವಮಾನದಲ್ಲಿ ಇಂಥ ವ್ಯಾಪಾರ ಮಾಡಿರಲಿಲ್ಲವಂತೆ. ಮರುಕ್ಷಣವೇ ಗಂಟು ಎತ್ತಿಕೊಂಡು ಹೊರಟುಹೋದಳು, ನಾನು ಮನಸ್ಸು ಬದಲಾಯಿಸಿಬಿಡ್ತೀನಿ ಅಂತ.

ಅರ್ಧ ಕೌದಿಯನ್ನ ಹಾಸಿಕೊಂಡು ನಾನು ನೆಲದ ಮೇಲೆ ಮಲಗೋಕೆ ಶುರುಮಾಡಿದೆ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳದ ಹಾಗೆ ನಾನೇ ಹೊಲಿದೆ, ಯಾರಿಗೂ ಮುಟ್ಟೋಕೆ ಕೊಡಲಿಲ್ಲ. ನನ್ನ ಹೊಲಿಗೆ ಹೇಗಿತ್ತು ಅಂತ ಹೇಳೋದು ಬೇಡ. ಮಂಚ ಬಿಟ್ಟು ಇದೇನು ಅಂತ ಯಜಮಾನರು ಕೇಳಿದರು. ಬೆನ್ನಿಗೆ ಒಳ್ಳೇದು ಅಂದೆ. "ಬೆನ್ನಿಗೆ ಸರಿ, ಕಾಲೇನು ಪಾಪ ಮಾಡಿತ್ತು, ಹೊರಗಿದೆಯಲ್ಲ" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಮುಸುಕು ಹಾಕಿಕೊಂಡೆ.

ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಫೋನು ಸದ್ದಾದರೆ ಸಾಕು, ಮಾಡ್ತಿದ್ದ ಕೆಲಸ ಬಿಟ್ಟು ಓಡ್ತಿದ್ದೆ. ಜೂನ್ ಮೊದಲ ವಾರದಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಲಿಗೆ ಬಿಚ್ಚಿದರು, ಶ್ವೇತ ಹೆಣ್ಣು ಮಗು ಹೆತ್ತಳು. ಮಗು ಆಸ್ಪತ್ರೆಗೆ ಆಸ್ಪತ್ರೆಯೇ ಎದ್ದೇಳೋ ಹಾಗೆ ಅತ್ತಿತು. ಉಳಿಸಿದ್ದು ಆ ಒಂದು ಹೊಲಿಗೆ. ನಮ್ಮ ಬಳಗವೆಲ್ಲ ಸೇರಿ ಹಾಕಿದ ಹೊಲಿಗೆಗಳು ಒಂದು ತೂಕ, ಅದೊಂದು ಒಂದು ತೂಕ. ಡಾಕ್ಟರಮ್ಮನ ಕೈ ಹಿಡಿದು ಹಾಗಂತ ಹೇಳಿದೆ ಕೂಡ. ಜವರಮ್ಮನವರು ಮಾತ್ರ ಮಗುವನ್ನ ಎತ್ತಿಕೊಂಡು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಕೌದಿಯ ಮಾತು ಇಬ್ಬರೂ ಎತ್ತಲಿಲ್ಲ. ಇನ್ನು ಅದನ್ನ ತೆಗೆದಿಡಬಹುದಿತ್ತು. ನಾನು ತೆಗೆಯಲಿಲ್ಲ. ಇನ್ನೊಂದಷ್ಟು ದಿನ ಇರಲಿ, ಮಗು ಕುತ್ತಿಗೆ ನಿಲ್ಲಿಸಲಿ ಅಂತ.

ತಿಂಗಳು ತುಂಬೋದರೊಳಗೆ ನನಗೆ ಜ್ವರ ಬಂತು. ಕೀಲು ಕೀಲೂ ಹಿಡಿದುಕೊಂಡು, ಲೋಟ ಎತ್ತೋಕೂ ಆಗಲಿಲ್ಲ. ಚಿಕೂನ್‌ಗುನ್ಯಾ. ಆ ವರ್ಷ ಅದು ಎಲ್ಲಾ ಕಡೆ ಬಂದಿತ್ತು, ಬೀದಿಯಲ್ಲಿ ನೆಟ್ಟಗೆ ನಡೆಯೋರೇ ಇರಲಿಲ್ಲ. ಸೊಳ್ಳೆಯಿಂದ ಬರೋದು ಅಂತ ನನಗೆ ಗೊತ್ತು, ಯಾವ ಸೊಳ್ಳೆ ಅಂತಲೂ ಗೊತ್ತು. ವಿಶಾಲಮ್ಮನಿಗೂ ಬಂದಿತ್ತು, ಅವಳು ಯಾವ ಕೌದಿಯ ಮೇಲೂ ಮಲಗಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವಾಗ ನನಗೆ ಒಳಗೊಳಗೇ ಏನು ಸಂತೋಷ ಅಂತೀರಿ. ಬರೋದು ನನಗೆ ಬಂತು ಅಂತ.

ಸಂಜೆ ರುದ್ರೇಶನ ಫೋನಿಂದ ಜವರಮ್ಮ ಮಾತಾಡಿದರು.

"ನಿಮಗೂ ಬಂದದಂತಲ್ಲ ಟೀಚರಮ್ಮ."

"ಬಂದಿದೆ."

"ಮಂಡಿ ಇಡಿದದಾ?"

"ಮಂಡಿ, ಮಣಿಕಟ್ಟು, ಬೆರಳು, ಯಾವುದೂ ಬಿಟ್ಟಿಲ್ಲ."

"ನನಗೂ ಕಣ್ರಮ್ಮ. ನೆನ್ನೆಯಿಂದ ಏಳಾಕೇ ಆಗಿಲ್ಲ." ಲಾಟರಿ ಹೊಡೆದವರ ದನಿ ಅದು.

"ಮಗು?" ಅಂದೆ.

"ಮಗೂ ಚೆನ್ನಾಗದೆ. ಸೊಳ್ಳೆ ಪರದೆ ಒಳಗೆ ಮಲಗದೆ. ಆಲು ಕುಡ್ದು ಈಗ ತಾನೇ ಕಣ್ಣು ಮುಚ್ತು."

ಇಬ್ಬರಿಗೂ ಫೋನ್ ಇಡೋಕೆ ಮನಸ್ಸಿರಲಿಲ್ಲ. ಸುಮಾರು ಹೊತ್ತು ಹಾಗೇ ಹಿಡಿದುಕೊಂಡು, ಅವರು ಅಲ್ಲಿ, ನಾನು ಇಲ್ಲಿ, ನರಳಿಕೊಂಡು ಕೂತಿದ್ದೆವು.